ಒಳ್ಳೆ ಸ್ಟ್ರಾಬೆರಿ ಎಲ್ಲಿ ಸಿಕ್ತದೆ, ಅಸಲಿ ಮೇಪಲ್ ಸಿರಪ್ ಯಾವುದು, ನಮ್ಮ ಕಾಸರಗೋಡಿನಲ್ಲಿ ಬೆಳೆಸ್ಲಿಕ್ಕೆ ಆಗ್ತದಾ?

ನೀರ್ಚಾಲಿನ ಅಕ್ಕ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ಕೆನಡಾದಿಂದ ಬಂದಿದ್ದಾಳೆ, ಜತೆಗೆ ಎರಡು ಮಕ್ಕಳು, ದೊಡ್ಡವಳಿಗೆ ಏಳು ವರ್ಷ ಸಣ್ಣವನಿಗೆ ನಾಲ್ಕು. ಮಕ್ಕಳಿಗೆ ನಮ್ಮ ತೆಳ್ಳವು, ಹೇಳಿದ್ರೆ ತೆಳು ದೋಸೆ, ಭಾರೀ ಇಷ್ಟ ಆಗಿದೆ ಆದ್ರೆ ಅದರ ಮೇಲೆ ಸ್ಟ್ರಾಬೆರಿ ಮತ್ತೆ ಮೇಪಲ್ ಸಿರಪ್ (ಮೇಪಲ್ ಮರದ ರಸ ಕಾಯಿಸಿದ ಪಾಕ) ಬೇಕು, ಅಲ್ಲಿ ಹಾಗೇ ತಿಂದು ಅಭ್ಯಾಸ. ನಾನು ಪೇಟೆಗೆ ಹೋದವಳು 200 ಗ್ರಾಮಿನ ಡಬ್ಬ ಎರಡು ತಂದೆ. ಮೇಲಿನ ಸಾಲು ಚಂದ ಕೆಂಪು, ಅಡಿಯದ್ದೆಲ್ಲ ತೊಟ್ಟಿನ ಹತ್ರ ಬೆಳ್ಳಗೆ, ನಾಲ್ಕು ಹಣ್ಣಿಗೆ ಬೂದಿ ಬಣ್ಣದ ಬೂಸ್ಟು. ಹುಳಿ ಅಂದ್ರೆ ಹುಣಸೆಹಣ್ಣಿನ ಹುಳಿ. ಹಣ್ಣಾಗ್ಲಿ ಹೇಳಿ ಮಾವಿನಕಾಯಿ ಇಡುವ ಹಾಗೆ ಬೈಹುಲ್ಲಿನ ಮೇಲೆ ಎರಡು ದಿನ ಇಟ್ಟೆ, ಹಣ್ಣಾಗ್ಲಿಲ್ಲ, ಕೊಳೆತೇ ಹೋಯ್ತು.

ಸಿರಪ್ಪಿನ ಕತೆಯೂ ಹಾಗೇ. ಬಾಟ್ಲಿಯಲ್ಲಿ ಮೇಪಲ್ ಎಲೆಯ ಚಿತ್ರ ಉಂಟು, ದುಡ್ಡು ಸಣ್ಣದೇನಲ್ಲ, ಹುಡುಗಿ ಒಂದು ಬೆರಳು ನೆಕ್ಕಿ "ಚಿಕ್ಕಜ್ಜೀ, ಇದು ಅದಲ್ಲ" ಹೇಳಿದ್ಲು. ಪಾಪ ಅಳ್ಲಿಲ್ಲ, ಆದ್ರೂ ನನಗೆ ಮನಸ್ಸಿಗೆ ತುಂಬ ಬೇಜಾರಾಯ್ತು. ಒಳ್ಳೇದು ಎಲ್ಲಿ ಸಿಕ್ತದೆ, ನೋಡಿ ತಗೊಳ್ಳುದು ಹೇಗೆ, ಮತ್ತೆ ಮನೆ ಹತ್ರವೇ ನಾಲ್ಕು ಚಟ್ಟಿಯಲ್ಲಿ ಸ್ಟ್ರಾಬೆರಿ ಬೆಳೆಸ್ಲಿಕ್ಕೆ ಆಗ್ತದಾ, ಗೊತ್ತಿದ್ದವರು ಹೇಳಿ.

ಜತ್ತದ ದ್ರಾಕ್ಷಿ ತೋಟ

ನಮಸ್ಕಾರ್ರಿ ಅಕ್ಕಾರ. ನಮ್ದು ಸಾಂಗ್ಲಿ ಜಿಲ್ಲಾದ ಜತ್ತ ತಾಲೂಕ, ಮನ್ಯಾಗ ಕನ್ನಡ, ಪ್ಯಾಟ್ಯಾಗ ಮರಾಠಿ. ಮೊದಲ ಒಂದ ಮಾತ ಹೇಳ್ತೀನ್ರಿ, ಸ್ಟ್ರಾಬೆರಿ ಮಾವಿನಹಣ್ಣ ಇದ್ದಂಗ ಅಲ್ಲ, ಬಾಳಿಹಣ್ಣ ಇದ್ದಂಗೂ ಅಲ್ಲ. ಗಿಡದಿಂದ ಹರದ ಮ್ಯಾಲ ಅದು ಹಣ್ಣಾಗೂದಿಲ್ಲ. ಬಣ್ಣ ಒಂದೀಟ ಏರತೈತಿ, ಮೆತ್ತಗ ಆಗತೈತಿ, ಸಿಹಿ ಮಾತ್ರ ಏರೂದಿಲ್ಲ. ನಮ್ಮ ದ್ರಾಕ್ಷಿದೂ ಇದ ಗುಣ, ಹುಳಿ ಇದ್ದಾಗ ಕತ್ತರಿ ಹಾಕಿದ್ರ ಕಡೀತನಾ ಹುಳಿನ, ಅದಕ್ಕ ನಾವು ಸಿಹಿ ಅಳಿಯೂ ಬ್ರಿಕ್ಸ್ ಮೀಟರ್‌ನ್ಯಾಗ ಎರಡ ಹನಿ ರಸ ಹಾಕಿ ನೋಡೇ ಕೊಯ್ತೀವಿ. ಹಂಗಾಗಿ ನೀವು ಹುಲ್ಲಿನ್ಯಾಗ ಇಟ್ಟಿದ್ದು ಉಪಯೋಗ ಆಗಿಲ್ಲ.

ನಿಮ್ಮ ಡಬ್ಬಿ ಹಣ್ಣ ಬಹುಶಃ ಮಹಾಬಳೇಶ್ವರದ ಕಡೆದ ಇರಬೇಕ್ರಿ, ದೇಶದಾಗ ಬೆಳಿಯೂ ಸ್ಟ್ರಾಬೆರಿ ಬಹುತೇಕ ಅಲ್ಲೇ ಬೆಳೀತೈತಿ. ಸಾತಾರಾ ಜಿಲ್ಲಾ, ಮಹಾಬಳೇಶ್ವರ ಪಾಚಗಣಿ ಬೆಟ್ಟದ ಸಾಲು, 1,300 ಮೀಟರ್ ಮ್ಯಾಲಿನ ಊರು, ಕೆಂಪ ಮಣ್ಣ, ಚಳಿ ರಾತ್ರಿ. 2010ರಾಗ ಅದಕ್ಕ ಜಿಐ ಟ್ಯಾಗೂ, ಅಂದ್ರ ಇದು ಆ ಊರಿಂದ ಅನ್ನೂ ಗುರುತು, ಸಿಕ್ಕೈತಿ. ಮಳಿ ಹಿಂದ ಸರದ ಮ್ಯಾಲ ಸಪ್ಟೆಂಬರ್ ಅಕ್ಟೋಬರ್‌ಕ ಸಸಿ ಹಚ್ತಾರ, ಡಿಸೆಂಬರ್‌ನಿಂದ ಮಾರ್ಚ್‌ಮಟ ಜೋರ ಸುಗ್ಗಿ. ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕ್ಯಾಮರೋಸಾ, ನಾಬಿಲಾ ಅಂತ ತಳಿ. ಆದ್ರ ದೂರದ ಊರಿಗೆ ಕಳಸೂ ಹಣ್ಣ ಅರ್ಧ ಮುಕ್ಕಾಲ ಕೆಂಪ ಇದ್ದಾಗನ ಹರೀತಾರ್ರಿ, ಪೂರಾ ಕೆಂಪಾದ ಹಣ್ಣ ಎರಡ ದಿನದ ಲಾರಿ ತಡೀಲಾರ್ದು. ಬೆಳದವರ ತಪ್ಪಲ್ಲ ಅದು, ಹಣ್ಣಿನ ಸ್ವಭಾವನ ಹಂಗ.

ಹೋದ ವರ್ಷ ಜನವರ್ಯಾಗ ಮನಿ ಮಂದಿ ಎಲ್ಲಾ ಹೋಗಿದ್ವಿ, ಪಾಚಗಣಿ ಹತ್ರ ಭಿಲಾರ ಅಂತ ಹಳ್ಳಿ, ಪುಸ್ತಕದ ಊರು ಅಂತ 2017ರಿಂದ ಹೆಸರ ಆಗೈತಲ್ರಿ, ಅದೇ. ಹೊಲದಾಕಿ ಅಜ್ಜಿ ನಮ್ಮ ಮಗಳ ಕೈ ಹಿಡಕೊಂಡ ಕರಕೊಂಡ ಹೋಗಿ ಕರೀ ಪ್ಲಾಸ್ಟಿಕ್ ಹಾಳಿ ಹಾಸಿದ ಏರಿಮ್ಯಾಲಿಂದ ಒಂದ ಹಣ್ಣ ಹರದ ಕೊಟ್ಲು. ತೊಟ್ಟಿನ ತನಾ ಕೆಂಪು, ಒಳಗೂ ಕೆಂಪು, ಬೆಳಗಿನ ಇಬ್ಬನಿ ಅದರ ಮ್ಯಾಲ ಇನ್ನೂ ಇತ್ತು. ಹುಳಿ ಇಲ್ಲ ಅಂತಲ್ಲ, ಸಿಹಿ ಮುಂದ ಬಂದು ಹುಳಿ ಹಿಂದ ಬರತೈತಿ. ಆ ರುಚಿ ಡಬ್ಬಿ ಒಳಗ ನಾ ಇನ್ನಾ ಕಂಡಿಲ್ಲ.

ಪ್ಯಾಟ್ಯಾಗ ತಗೋಳಾಗ ಡಬ್ಬಿ ತಿರುವಿ ಅಡಿ ನೋಡ್ರಿ, ಅಡಿಯಾಗ ಕೆಂಪ ನೀರ ಇಳದಿದ್ರ ಬ್ಯಾಡ. ತೊಟ್ಟಿನ ಎಲಿ ಹಸರ ಇರಬೇಕು, ತೊಟ್ಟಿನ ಸುತ್ತ ಬಿಳಿ ಇರಬಾರ್ದು. ಮುಚ್ಚಳ ತಗದ ಮೂಗಿಗೆ ಹಿಡೀರಿ, ವಾಸನಿ ಇಲ್ಲಂದ್ರ ರುಚಿನೂ ಇಲ್ಲ. ದೊಡ್ಡ ಗಾತ್ರಕ್ಕ ಮರುಳ ಆಗಬ್ಯಾಡ್ರಿ, ದೊಡ್ಡವು ಎಷ್ಟೋ ಸಲ ಒಳಗ ಪೊಳ್ಳ ಇರ್ತಾವ.

ಕುಂಬ್ಳೆ ಕಡಲ ಬದಿ

ಅಕ್ಕ, ತಂದ ಮೇಲೆ ಎಲ್ಲ ಒಟ್ಟಿಗೆ ತೊಳೆದು ಇಡ್ಬೇಡಿ. ತಿನ್ನುವ ಹೊತ್ತಿಗೆ ಬೇಕಾದಷ್ಟೇ ತೊಳೀರಿ, ತೊಟ್ಟು ತೆಗೆಯುದು ತೊಳೆದಾದ ಮೇಲೆ, ಮೊದಲೇ ತೆಗೆದ್ರೆ ನೀರು ಒಳಗೆ ಹೋಗಿ ರುಚಿ ಸಪ್ಪೆ ಆಗ್ತದೆ. ಬೂಸ್ಟು ಬಂದದ್ದನ್ನು ಕೂಡ್ಲೇ ಆಚೆ ಹಾಕಿ, ಒಂದರಿಂದ ಇನ್ನೊಂದಕ್ಕೆ ಹಿಡಿತದೆ.

ಇನ್ನೊಂದು ವಿಷಯ ಹೇಳ್ಲೇಬೇಕು. ಆನ್‌ಲೈನಿನಲ್ಲಿ ನೀಲಿ ಸ್ಟ್ರಾಬೆರಿ ಬೀಜ ಹೇಳಿ ಮಾರ್ತಾರೆ, ಚಿತ್ರ ನೋಡಿ ನಾನೂ ತರಿಸಿದ್ದೆ, ಹುಟ್ಟಿದ್ದು ಯಾವುದೋ ಕಳೆ ಗಿಡ. ನೀಲಿ ಬಣ್ಣದ ಸ್ಟ್ರಾಬೆರಿ ಹೇಳಿ ಒಂದು ಲೋಕದಲ್ಲೇ ಇಲ್ಲ. ಕೆಂಪು ಹಣ್ಣಿನದ್ದೇ ಬೀಜ ಹಾಕಿದ್ರೂ ತಾಯಿಯ ಗುಣ ಬರುದಿಲ್ಲ, ಸಸಿಯೇ ತರ್ಬೇಕು.

ಮುಳ್ಳೇರಿಯದ ಮಾಷ್ಟ್ರು

ಬೆಳೆಸುವ ಪ್ರಶ್ನೆಗೆ ನಾನು ಬರ್ತೇನೆ, ನಾಲ್ಕು ವರ್ಷ ಪ್ರಯತ್ನ ಮಾಡಿದವನು. ನಮ್ಮ ತೊಂದರೆ ಮಣ್ಣಲ್ಲ, ರಾತ್ರಿ. ಸ್ಟ್ರಾಬೆರಿಗೆ ಹಗಲು 22-25 ಡಿಗ್ರಿ, ರಾತ್ರಿ 10ರ ಆಸುಪಾಸು ಸಿಕ್ಕಿದ್ರೆ ಖುಷಿ. ನಮ್ಮಲ್ಲಿ ಧನುರ್ಮಾಸದ ಬೆಳಗ್ಗೆ ಕೂಡ 20ಕ್ಕಿಂತ ಕೆಳಗೆ ಹೋಗುದು ಅಪರೂಪ. ರಾತ್ರಿ ಸೆಕೆ ಇದ್ರೆ ಗಿಡ ಹಗಲಿನಲ್ಲಿ ಮಾಡಿಟ್ಟ ಸಕ್ಕರೆಯನ್ನು ಉಸಿರಾಡಿಯೇ ಖರ್ಚು ಮಾಡ್ತದೆ, ಹಣ್ಣಿಗೆ ಉಳಿಯುದು ಕಮ್ಮಿ. ಅದರ ಮೇಲೆ ಕಡಲ ಗಾಳಿಯ ತೇವ, ಆ ಬೂದಿ ಬೂಸ್ಟಿಗೆ ಅದೇ ಬೇಕು. ಆದ್ರೆ ಆಗುದೇ ಇಲ್ಲ ಹೇಳಿ ನಾನು ಹೇಳುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಕಡೆವರೆಗೆ ಒಂದು ಸಣ್ಣ ಕಿಟಕಿ ಉಂಟು, ಅದರೊಳಗೆ ಗಿಡಕ್ಕೆ ಐದಾರು ಹಣ್ಣು ತೆಗೀಬಹುದು.

ಪ್ಲಾಸ್ಟಿಕ್ ಗ್ರೋಬ್ಯಾಗ್ ಬೇಡ, ಬೇರು ಬೇಯ್ತದೆ. ಮಣ್ಣಿನ ಚಟ್ಟಿ ಒಳ್ಳೇದು, ಮೈಯಿಂದ ನೀರು ಆರಿ ಒಳಗೆ ತಂಪಿರ್ತದೆ. ಸುಡುಮಣ್ಣು, ಹಳೆ ಹಟ್ಟಿಗೊಬ್ಬರ, ತೊಳೆದ ತೆಂಗಿನ ನಾರಿನ ಹುಡಿ ಸಮ ಸಮ. ಗಿಡದ ನಡುವಿನ ಗಡ್ಡೆ ಉಂಟಲ್ಲ ಚಿಗುರು ಬರುವಲ್ಲಿ, ಅದು ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕೂರ್ಬೇಕು, ಹೂತು ಹೋದ್ರೆ ಕೊಳೀತದೆ, ಎದ್ದು ನಿಂತ್ರೆ ಒಣಗ್ತದೆ. ನನ್ನ ಮೊದಲ ವರ್ಷದ ಗಿಡ ಎಲ್ಲ ಹೋದದ್ದು ಇದೇ ಒಂದು ತಪ್ಪಿಗೆ. ಮನೆಯ ಮೂಡು ಬದಿಯಲ್ಲಿ ಇಡಿ, ಹನ್ನೊಂದು ಗಂಟೆವರೆಗೆ ಬಿಸಿಲು ಸಾಕು. ಹಣ್ಣು ಮಣ್ಣಿಗೆ ತಾಗದ ಹಾಗೆ ಅಡಿಗೆ ಬೈಹುಲ್ಲು ಹರಡಿ.

ಮತ್ತೆ ಹೂವು ಬಂದಾಗ ಜೇನು ಬೇಕು. ಹಣ್ಣಿನ ಮೈಮೇಲೆ ಎಳ್ಳಿನ ಹಾಗೆ ಕಾಣ್ತದಲ್ಲ, ನಾವು ಬೀಜ ಹೇಳುದು ಅದನ್ನು, ಸಸ್ಯಶಾಸ್ತ್ರದ ಪ್ರಕಾರ ಅದು ಒಂದೊಂದೂ ಒಂದೊಂದು ಹಣ್ಣು, ನಾವು ತಿನ್ನುವ ಕೆಂಪು ಭಾಗ ಹೂವಿನ ಪೀಠ ಉಬ್ಬಿದ್ದು. ಎಳ್ಳಿಗೆ ಪರಾಗ ಸಿಕ್ಕಿದಲ್ಲಿ ಮಾತ್ರ ಅದರ ಅಡಿಯ ತಿರುಳು ಉಬ್ಬುದು. ಸೊಟ್ಟ ಹಣ್ಣು ಬಂದ್ರೆ ಹತ್ತಿರದಿಂದ ನೋಡಿ, ತಗ್ಗಿದ ಜಾಗದ ಎಳ್ಳು ಸಣ್ಣಕ್ಕೆ ಜೊಳ್ಳಾಗಿ ಒತ್ತೊತ್ತಾಗಿ ಇರ್ತದೆ. ನಮ್ಮ ಹಟ್ಟಿ ಗೋಡೆಯ ಮುಜಂಟಿ, ಚುಚ್ಚದ ಸಣ್ಣ ಜೇನು, ಈ ಕೆಲಸಕ್ಕೆ ಭಾರೀ ಹುಷಾರು, ಇಲ್ಲದಿದ್ರೆ ಮಕ್ಕಳ ಪೇಂಟಿನ ಮೆತ್ತನೆ ಬ್ರಶ್ಶಿನಲ್ಲಿ ಹೂವಿನ ನಡುವಿಗೆ ಒಂದು ಸುತ್ತು ಹಾಕಿ.

ಈ ಗಿಡದ ಹುಟ್ಟೂ ಸ್ವಾರಸ್ಯದ್ದು. 1714ರಲ್ಲಿ ಫ್ರೆಜಿಯೆ ಹೇಳುವ ಫ್ರೆಂಚ್ ಇಂಜಿನಿಯರ್ ಚಿಲಿ ದೇಶದಿಂದ ದೊಡ್ಡ ಹಣ್ಣಿನ ಗಿಡ ಯುರೋಪಿಗೆ ತಂದ, ಅಲ್ಲಿ ಮೊದಲೇ ಇದ್ದ ಉತ್ತರ ಅಮೆರಿಕದ ಗಿಡದೊಟ್ಟಿಗೆ ಪರಾಗ ಬೆರೆತು ಈಗಿನ ಸ್ಟ್ರಾಬೆರಿ ಆಯ್ತು. ಅಮೆರಿಕ ಖಂಡದ ಎರಡು ತುದಿಯ ಗಿಡಗಳು ಸೇರಿದ್ದು ಫ್ರಾನ್ಸಿನ ತೋಟದಲ್ಲಿ. ಹಾಗೆ ನೋಡಿದ್ರೆ ಊರು ಬಿಟ್ಟು ಬೇರೆ ಕಡೆ ಬದುಕುದು ಅದಕ್ಕೆ ಹೊಸತಲ್ಲ.

ಹೊಸೂರಿನ ಹೂವಿನ ಮನೆ

ಅಕ್ಕ, ನಾವು ಹೊಸೂರು ತಳಿ ರೋಡಲ್ಲಿ ಇದೀವಿ, ಕೃಷ್ಣಗಿರಿ ಜಿಲ್ಲೆ. ಮುಖ್ಯವಾಗಿ ಗುಲಾಬಿ ಪಾಲಿಹೌಸು, ಪಕ್ಕದಲ್ಲಿ ಮನೆ ಮಟ್ಟಿಗೆ ಸ್ಟ್ರಾಬೆರಿ ಹಾಕ್ತೀವಿ. ನಮ್ಮಲ್ಲೂ ಬೇಸಿಗೇಲಿ ಕಷ್ಟಾನೇ ಆದ್ರೆ ಸುಮಾರು 900 ಮೀಟರ್ ಎತ್ತರ ಇರೋದ್ರಿಂದ ಡಿಸೆಂಬರ್ ಜನವರೀಲಿ ರಾತ್ರಿ ಚಳಿ ಚೆನ್ನಾಗಿರುತ್ತೆ. ನೀವು ಈಗ ಬರೀ ಸಸಿ ನೆಟ್ಟರೆ ಲೇಟು, ಅದು ಬೇರು ಬಿಟ್ಟು ಹೂ ಬಿಡೋ ಹೊತ್ತಿಗೆ ನಿಮ್ಮ ಕಡೆ ಬಿಸಿಲು ಏರಿರುತ್ತೆ. ನನ್ನ ಹತ್ರ ಅಕ್ಟೋಬರಲ್ಲಿ ಕೂರಿಸಿದ ವಿಂಟರ್ ಡಾನ್ ಗಿಡ ಕುಂಡದಲ್ಲಿವೆ, ಮೊಗ್ಗು ಬಂದಿದೆ. ಹತ್ತು ಗಿಡ ಬೆಂಗಳೂರಿಂದ ಕಾಸರಗೋಡಿಗೆ ಬರೋ ರಾತ್ರಿ ಬಸ್ಸಿಗೆ ಹಾಕಿಸ್ತೀನಿ, ದುಡ್ಡು ಬೇಡ. ಮಗು "ಇದು ಅದಲ್ಲ" ಅಂದಿದ್ದು ಓದಿ ನಮ್ಮನೆಯವರೇ ಕಳಿಸಿ ಅಂದ್ರು.

ಪೆರ್ಲದ ಅಡಿಕೆ ತೋಟ

ಮೇಪಲ್ ವಿಷಯ ನಾನು ಹೇಳ್ತೇನೆ ತಂಗಿ. ಮಗ ಒಟ್ಟಾವಾದಲ್ಲಿ ಇರುದು, ಎರಡು ವರ್ಷ ಹಿಂದೆ ಮಾರ್ಚಿನಲ್ಲಿ ಹೋಗಿದ್ದೆ, ಆಗ ಕಾಡಿನೊಳಗಿನ ಅವರ ಆಲೆಮನೆಗೆ ಕರ್ಕೊಂಡು ಹೋಗಿದ್ದ. ಆಲೆಮನೆ ಹೇಳುದೇ ಸರಿ, ಬೇರೆ ಹೆಸರು ಬಾಯಿಗೆ ಬರುದಿಲ್ಲ. ಕಾಲಿನಡಿ ಮಂಜು, ಎಲೆ ಇಲ್ಲದ ಬೋಳು ಮರ, ಕಾಂಡಕ್ಕೆ ಸಣ್ಣ ತೂತು ಕೊರೆದು ಒಂದು ನಳಿಗೆ, ಅದರಿಂದ ಟಪ್ ಟಪ್ ಹೇಳಿ ನೀರಿನ ಹಾಗೆ ತಿಳಿ ರಸ. ಬೆರಳೊಡ್ಡಿ ನೆಕ್ಕಿದೆ. ಎಳನೀರಿಗೆ ಮುಕ್ಕಾಲು ಪಾಲು ನೀರು ಬೆರೆಸಿದ ಹಾಗೆ, ಸಿಹಿ ಉಂಟೋ ಇಲ್ಲವೋ ಹೇಳುವಷ್ಟು. ಅದರಲ್ಲಿ ಸಕ್ಕರೆ ನೂರಕ್ಕೆ ಎರಡರಷ್ಟು ಮಾತ್ರ, ಹಾಗಾಗಿ 40 ಲೀಟರ್ ರಸ ಕಾಯಿಸಿದ್ರೆ ಒಂದು ಲೀಟರ್ ಸಿರಪ್. ಬೆಲೆ ಯಾಕೆ ಅಷ್ಟು ಹೇಳಿ ಅಲ್ಲಿ ಅರ್ಥ ಆಯ್ತು ನನಗೆ.

ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಿ ಹಗಲು ಮೇಲೆ ಬರ್ಬೇಕು, ಆ ಏರಿಳಿತದಿಂದಲೇ ಮರದೊಳಗೆ ಒತ್ತಡ ಆಗಿ ರಸ ಹೊರಗೆ ಬರುದು. ವರ್ಷಕ್ಕೆ ಕೆಲವು ವಾರ ಅಷ್ಟೆ. ಮೊಗ್ಗು ಒಡೀಲಿಕ್ಕೆ ಸುರು ಆದ್ರೆ ರುಚಿ ಕೆಡ್ತದೆ, ನಿಲ್ಲಿಸ್ತಾರೆ. ಒಳಗೆ ಕೊಪ್ಪರಿಗೆಯ ಹಾಗೆ ಅಗಲ ತಟ್ಟೆಯಲ್ಲಿ ಕುದಿತಾ ಇತ್ತು, ಇಡೀ ಮಾಡಿನೊಳಗೆ ಹಬೆ. ನೊರೆ ಉಕ್ಕಿ ಬಂದಾಗ ಒಬ್ಬ ಚೂರು ಬೆಣ್ಣೆ ಹಾಕಿದ, ನೊರೆ ಕೂಡ್ಲೇ ತಣ್ಣಗೆ ಕೂತ್ಕೊಂಡ್ತು. ನಮ್ಮ ಅಜ್ಜ ಬೆಲ್ಲ ಕಾಯಿಸುವಾಗ ಎಣ್ಣೆ ಚಿಮುಕಿಸುದು ನೆನಪಾಗಿ ಕಣ್ಣು ತುಂಬಿ ಬಂತು. ಪಾಕದ ಹದವನ್ನು ಅವರು ಥರ್ಮಾಮೀಟರಿನಲ್ಲಿ ನೋಡುದು, ನೀರು ಕುದಿಯುವುದಕ್ಕಿಂತ 4 ಡಿಗ್ರಿ ಹೆಚ್ಚು ಆದ್ರೆ ಸಿರಪ್ ಆಯ್ತು. ಕೊನೆಗೆ ಬಿಸಿ ಪಾಕವನ್ನು ಶುದ್ಧ ಮಂಜಿನ ಮೇಲೆ ಸುರಿದು ಕಡ್ಡಿಗೆ ಸುತ್ತಿ ಕೊಟ್ಟರು, ಎಳೆ ಬೆಲ್ಲದ ಹಾಗೆ ಹಲ್ಲಿಗೆ ಅಂಟುದು.

ತಗೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದು. ಅಸಲಿ ಬಾಟ್ಲಿಯಲ್ಲಿ ಸಾಮಗ್ರಿ ಹೇಳಿ ಇರುದು ಒಂದೇ, ಮೇಪಲ್ ಸಿರಪ್. ಕಾರ್ನ್ ಸಿರಪ್, ಗ್ಲೂಕೋಸ್, ಫ್ಲೇವರ್, ಕ್ಯಾರಮೆಲ್ ಬಣ್ಣ ಇದ್ರೆ ಅದು ಬೇರೆ ವಸ್ತು, ಪ್ಯಾನ್‌ಕೇಕ್ ಸಿರಪ್ ಹೇಳಿ ಬರುದು ಹೆಚ್ಚಿನದ್ದೂ ಅದೇ. ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ಹೇಳಿ ನಾಲ್ಕು ಬಗೆ, ಎಲ್ಲ ಗ್ರೇಡ್ ಎ ಆಗಿಯೇ ಬರುದು, ಬಣ್ಣ ಕಪ್ಪಾದ ಹಾಗೆ ರುಚಿ ಗಟ್ಟಿ. ದೋಸೆಗೆ ಆಂಬರ್ ಸಾಕು. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲೇ ಇಡ್ಬೇಕು, ನಮ್ಮ ಸೆಕೆಗೆ ಹೊರಗಿಟ್ಟರೆ ಬೂಸ್ಟು ಬರ್ತದೆ. ಕೆನಡಾದ ಕ್ವಿಬೆಕ್ ಒಂದೇ ಪ್ರಾಂತ್ಯ ಲೋಕದ ಮೇಪಲ್ ಸಿರಪ್ಪಿನ ಬಹುಪಾಲು ಮಾಡುದು, ಹಾಗಾಗಿ ಬಾಟ್ಲಿಯಲ್ಲಿ ಕೆನಡಾದ ಉತ್ಪನ್ನ ಹೇಳಿ ಉಂಟಾ ನೋಡು. ಮುಂದಿನ ಸಲ ಅಕ್ಕನ ಮಗಳು ಬರುವಾಗ ಡಬ್ಬಿಯಲ್ಲಿ ತರ್ಲಿಕ್ಕೆ ಹೇಳು, ಅದರಷ್ಟು ಖಾತ್ರಿ ಬೇರೆ ಇಲ್ಲ.

ಕುಂಬ್ಳೆ ಕಡಲ ಬದಿ

ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಆ ಮೇಪಲ್ ಫ್ಲೇವರ್ ಮಾಡ್ಲಿಕ್ಕೆ ನಮ್ಮ ಮೆಂತೆಯ ಸತ್ವ ಬಳಸ್ತಾರೆ. ಮೆಂತೆಯಲ್ಲೂ ಮೇಪಲ್ ಸಿರಪ್ಪಿನಲ್ಲೂ ಸೊಟೊಲೋನ್ ಹೇಳುವ ಒಂದೇ ವಾಸನೆಯ ಅಂಶ ಉಂಟು. ನ್ಯೂಯಾರ್ಕ್ ನಗರದಲ್ಲಿ ಆಗಾಗ ಊರಿಡೀ ಮೇಪಲ್ ಸಿರಪ್ ಘಮ ಬಂದು ಜನ ಗಾಬರಿ ಆಗ್ತಿದ್ರಂತೆ, 2009ರಲ್ಲಿ ಹುಡುಕಿದ್ರೆ ಪಕ್ಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಮೆಂತೆ ಸಂಸ್ಕರಣೆ. ಬಾಳಂತಿ ಕೋಣೆಯಲ್ಲಿ ಮೆಂತೆ ಲೇಹದ ವಾಸನೆ ಗೊತ್ತಿದ್ದವರಿಗೆ ಆ ಘಮ ಹೊಸತಲ್ಲ.

ಕೂಡ್ಲಿನ ತೆಂಗು

ಮೇಪಲ್ ರಸದಲ್ಲಿ ನೂರಕ್ಕೆ 2 ಸಕ್ಕರೆ ಅಂದ್ರಲ್ಲ, ನಮ್ಮ ತೆಂಗಿನ ಹೊಂಬಾಳೆ ರಸದಲ್ಲಿ ಸುಮಾರು 15. ಲೆಕ್ಕ ಹಾಕಿ, 40 ಲೀಟರ್ ಬೇಡ, ಐದಾರು ಲೀಟರಿಗೇ ಅಷ್ಟೇ ಗಟ್ಟಿ ಪಾಕ ಸಿಕ್ತದೆ. ನಮ್ಮ ಕೂಡ್ಲಿನಲ್ಲೇ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಉಂಟಲ್ಲ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರ ಹೇಳಿ ಸುರು ಆದದ್ದು, ಅವರು ಇದಕ್ಕೆ ಕಲ್ಪರಸ ಹೇಳಿ ಹೆಸರಿಟ್ಟು ದಾರಿ ಮಾಡಿದ್ದಾರೆ. ಮೊದಲು ಮಡಕೆ ಕಟ್ಟಿ ಸುಣ್ಣ ಹಚ್ಚಿ ಇಳಿಸುದು, ಸ್ವಲ್ಪ ತಡ ಆದ್ರೂ ಹುಳಿ ಬಂದು ಕಳ್ಳು ಆಗ್ತದೆ. ಇವರ ಪೆಟ್ಟಿಗೆಯಲ್ಲಿ ಐಸ್ ತುಂಬಿಸಿ ಹೊಂಬಾಳೆ ತುದಿಗೆ ಕಟ್ಟುದು, ರಸ ಬಿದ್ದಲ್ಲೇ ತಣ್ಣಗೆ ಇರ್ತದೆ, ಹುಳಿ ಬರುದಿಲ್ಲ, ಬಣ್ಣವೂ ಜೇನಿನ ಹಾಗೆ. ಅದನ್ನು ಕಾಯಿಸಿ ಸಿರಪ್, ಬೆಲ್ಲ, ಸಕ್ಕರೆ ಎಲ್ಲ ಮಾಡ್ತಾರೆ. ಇಳಿಸ್ಲಿಕ್ಕೆ ಲೈಸನ್ಸ್ ಬೇಕು, ಮನೆಯಲ್ಲಿ ಸುಮ್ಮನೆ ಮಾಡುವ ಹಾಗಿಲ್ಲ, ಆದ್ರೆ ಮಾಡಿದ್ದನ್ನು ತಂದು ಮಕ್ಕಳಿಗೆ ಒಂದು ಸಲ ಕೊಟ್ಟು ನೋಡಿ. ಮೇಪಲ್ಲಿಗೆ ಬದಲು ಹೇಳಿ ಅಲ್ಲ, ಇದು ನಮ್ಮ ಮರದ್ದು ಹೇಳಿ ಕೊಡಿ.

ಮಡಕಶಿರಾ ರೇಷ್ಮೆ

ನಮ್ಮ ಕಡೆ ಸ್ಟ್ರಾಬೆರಿ ಮಾತೇ ಇಲ್ಲ ಅಕ್ಕ, ಮಳೆನೇ ಕಮ್ಮಿ. ಆದರೆ ಮಕ್ಕಳು ಕೈಯಾರೆ ಬೆರಿ ಕಿತ್ತು ತಿನ್ಬೇಕು ಅಂದ್ರೆ ಹಿಪ್ಪುನೇರಳೆ ಹಾಕಿ. ನಾವು ಹುಳಕ್ಕೆ ಸೊಪ್ಪು ಕೊಯ್ಯೋರು, ಬದುವಲ್ಲಿ ಬಿಟ್ಟ ಎರಡು ಗಿಡ ಹಣ್ಣಿಗೆ ಅಂತಾನೇ. ಪೆನ್ಸಿಲ್ ದಪ್ಪದ ಕಡ್ಡಿ ಚುಚ್ಚಿದ್ರೆ ಸಾಕು ಬೇರು ಬಿಡುತ್ತೆ. ಹಣ್ಣು ಮುಗಿದ ಮೇಲೆ ಕೊಂಬೆ ಸವರಿ ಎಲೆ ಉದುರಿಸಿ, ಹೊಸ ಚಿಗುರಿನ ಜೊತೆಗೇ ಮತ್ತೆ ಕಾಯಿ ಬರುತ್ತೆ. ಕೆಂಪಿದ್ದಾಗ ಹುಳಿ, ಕಪ್ಪಾಗಿ ಮುಟ್ಟಿದ್ರೆ ಉದುರೋ ಹಾಗಾದಾಗ ಜೇನು. ಬಟ್ಟೆಗೆ ಕಲೆ ಆದ್ರೆ ಹೋಗಲ್ಲ, ಅದೊಂದು ನೋಡ್ಕೊಳ್ಳಿ.

ಮುಳ್ಳೇರಿಯದ ಮಾಷ್ಟ್ರು

ಹೌದು, ಮತ್ತೆ ಒಂದು ಶರಬತ್ತು ಹಣ್ಣಿನ (ಪ್ಯಾಷನ್ ಫ್ರೂಟ್) ಬಳ್ಳಿಯೂ ಹಬ್ಬಿಸಿ, ನಮ್ಮ ಸೆಕೆಗೆ ಸರಿಯಾದ್ದು. ಹಳದಿ ಜಾತಿಯಾದ್ರೆ ಒಂದೇ ಬಳ್ಳಿ ಇದ್ರೆ ಹೂವು ರಾಶಿ, ಕಾಯಿ ಇಲ್ಲ, ಅದಕ್ಕೆ ಬೇರೆ ಬಳ್ಳಿಯ ಪರಾಗವೇ ಬೇಕು. ಎರಡು ಬೇರೆ ಬೇರೆ ಕಡೆಯಿಂದ ತಂದು ನೆಡಿ. ರಂಬೂಟಾನ್ ಹಾಕುದಿದ್ರೆ ಕಸಿ ಗಿಡವೇ ತನ್ನಿ, ಬೀಜದ ಗಿಡ ಏಳೆಂಟು ವರ್ಷ ಸಾಕಿದ ಮೇಲೆ ಗಂಡು ಹೇಳಿ ಗೊತ್ತಾದ್ರೆ ಕಡಿಯಲೂ ಮನಸ್ಸಾಗುದಿಲ್ಲ.

ನೀರ್ಚಾಲಿನ ಅಕ್ಕ

ಹೊಸೂರಿನ ತಮ್ಮ ಕಳಿಸಿದ ಗಿಡ ಮೊನ್ನೆ ಬೆಳಗ್ಗೆ ಬಂತು, ಹತ್ತರಲ್ಲಿ ಒಂಬತ್ತು ಚೆನ್ನಾಗಿ ಉಂಟು, ಒಂದರ ಗಡ್ಡೆ ಮುರಿದಿತ್ತು. ಮಾಷ್ಟ್ರು ಹೇಳಿದ ಹಾಗೇ ಚಟ್ಟಿಗೆ ಹಾಕಿದೆವು, ಮಣ್ಣು ಕಲಸಿದ್ದು ಹುಡುಗಿಯೇ. ನಮ್ಮಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ಬೆಳಗ್ಗೆ ಒಳ್ಳೆ ತಂಪಿರ್ತದೆ, ಅದನ್ನೇ ಹೊಯ್ಯುದು. ಕಲ್ಪರಸದ ಸಿರಪ್ ಸಿಕ್ಕಿತು, ಸಣ್ಣವ ತಟ್ಟೆ ನೆಕ್ಕಿದ, ದೊಡ್ಡವಳು ತಿಂದು ಸ್ವಲ್ಪ ಹೊತ್ತು ಸುಮ್ಮನಿದ್ದು "ಇದೂ ಅದಲ್ಲ, ಆದ್ರೆ ಇದು ಒಳ್ಳೇದುಂಟು" ಹೇಳಿದ್ಲು. ಅವರು ಮುಂದಿನ ವಾರ ಹೊರಡುದು. ಹಣ್ಣಾಗುವಾಗ ಅವರಿರುದಿಲ್ಲ, ಅದೊಂದೇ ಬೇಜಾರು.

ನೀರ್ಚಾಲಿನ ಅಕ್ಕ

ಫೆಬ್ರವರಿ ನಡುವಿಗೆ ಬಂದ ಸುದ್ದಿ ಹೇಳ್ಲಿಕ್ಕೆ ಬಂದೆ. ಒಟ್ಟು ಇಪ್ಪತ್ತಮೂರು ಹಣ್ಣು. ನಾಲ್ಕು ಬಸವನಹುಳ ತಿಂದಿತು, ಎರಡು ಸೊಟ್ಟ. ಉಳಿದವು ಅಡಿಕೆಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಆದ್ರೆ ತೊಟ್ಟಿನವರೆಗೆ ಕೆಂಪು. ಮೊದಲ ಹಣ್ಣನ್ನು ಮಕ್ಕಳಿಗೆ ವಿಡಿಯೋ ಕಾಲಿನಲ್ಲಿ ತೋರಿಸಿಯೇ ಕೊಯ್ದೆ, ಅಲ್ಲಿ ಆಗ ರಾತ್ರಿ, ಕಿಟಕಿ ಹೊರಗೆ ಮಂಜು ಕಾಣ್ತಿತ್ತು. "ಚಿಕ್ಕಜ್ಜಿ ನೀನೇ ತಿನ್ನು, ಹೇಗುಂಟು ಹೇಳು" ಹೇಳಿದ್ಲು. ಜತ್ತದವರು ಹೇಳಿದ ಹಾಗೆ, ಸಿಹಿ ಮೊದಲು, ಹುಳಿ ಆಮೇಲೆ. ನನಗೆ ಐವತ್ತೆಂಟು ವರ್ಷ, ಸ್ಟ್ರಾಬೆರಿಯ ರುಚಿ ಇದು ಹೇಳಿ ಗೊತ್ತಾದದ್ದು ಅವತ್ತು.

ಈಗ ಎಲೆ ಅಂಚು ಸುಡ್ಲಿಕ್ಕೆ ಸುರು ಆಗಿದೆ, ಹೂವು ನಿಂತಿದೆ. ಆದ್ರೆ ನಾಲ್ಕು ಗಿಡದಿಂದ ಬಳ್ಳಿ ಹಾಗೆ ರನ್ನರ್ ಹೊರಟಿದೆ, ತುದಿಯಲ್ಲಿ ಸಣ್ಣ ಮರಿ. ಇದನ್ನು ನಮ್ಮ ಮಳೆಗಾಲ ದಾಟಿಸುದು ಹೇಗೆ?

ಹೊಸೂರಿನ ಹೂವಿನ ಮನೆ

ನಿಮ್ಮ ಮಳೇಲಿ ಕಷ್ಟ ಅಕ್ಕ, ಕೊಳೆತು ಹೋಗುತ್ತೆ. ಮರಿ ಇರೋ ಜಾಗದ ಕೆಳಗೆ ಸಣ್ಣ ಲೋಟದಲ್ಲಿ ಮಣ್ಣಿಟ್ಟು ಕಡ್ಡಿ ಬಗ್ಗಿಸಿ ಒತ್ತಿ ಹಿಡಿಸಿ, ಮೂರು ವಾರಕ್ಕೆ ಬೇರು ಬಿಡುತ್ತೆ, ಆಮೇಲೆ ತಾಯಿ ಗಿಡದಿಂದ ಕತ್ತರಿಸಿ. ಏಪ್ರಿಲ್ ಒಳಗೆ ಅದೇ ಬಸ್ಸಿಗೆ ನನಗೆ ಹಾಕಿ. ಇಲ್ಲಿ ನೆರಳು ಬಲೆ ಕೆಳಗೆ ಇಟ್ಕೊಂಡಿರ್ತೀನಿ, ನವೆಂಬರಲ್ಲಿ ನಿಮಗೆ ವಾಪಸ್. ಮಕ್ಕಳು ಮುಂದಿನ ಸಲ ಯಾವಾಗ ಬರ್ತಾರೆ?

ನೀರ್ಚಾಲಿನ ಅಕ್ಕ

ಮುಂದಿನ ಫೆಬ್ರವರಿಗೇ ಬರ್ತಾರಂತೆ, ಶಾಲೆಗೆ ರಜೆ ಹಾಕಿಸಿ. ಏಳು ಮರಿ ಲೋಟಕ್ಕೆ ಹಿಡಿಸಿದ್ದೇನೆ ತಮ್ಮ. ಬಸ್ಸಿಗೆ ಹಾಕುವಾಗ ಜತೆಗೆ ಹಲಸಿನ ಹಪ್ಪಳದ ಕಟ್ಟು ಎರಡು ಇಡ್ತೇನೆ, ಒಂದು ನಿಮ್ಮ ಮನೆಯವರಿಗೆ.